ಚೀಟಿಯಲ್ಲಿ ಬಂದ ನೋವಿನ ಮಾತ್ರೆ ಚಟವಾದಾಗ: ಮನೆಯವರು ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಡಾಕ್ಟರ್ ಅಲ್ಲ. ತಿಪಟೂರು ಕಡೆಯವಳು. ನಮ್ಮಣ್ಣ ಕೊಬ್ಬರಿ ವ್ಯಾಪಾರ ಮಾಡುತ್ತಾನೆ. 2016ರಲ್ಲಿ ಬೈಕಿನಿಂದ ಬಿದ್ದು ಸೊಂಟಕ್ಕೆ ಪೆಟ್ಟಾಯಿತು, ಆಪರೇಷನ್ ಆಯಿತು. ನೋವಿಗೆ ಅಂತ ಬರೆದುಕೊಟ್ಟ ಮಾತ್ರೆ ಅವನನ್ನು ಹಿಡಿದುಕೊಂಡಿತು. ಅದು ನಮಗೆ ಗೊತ್ತಾಗುವಷ್ಟರಲ್ಲಿ ಎರಡು ವರ್ಷ ಕಳೆದಿತ್ತು. ಆಮೇಲೆ ಆಸ್ಪತ್ರೆಯಲ್ಲಿ ಇಂಥ ಮನೆಗಳವರು ಒಟ್ಟಿಗೆ ಕೂತು ಮಾತಾಡುವ ಗುಂಪಿಗೆ ಹೋಗತೊಡಗಿದೆ. ಈಗಲೂ ಹೋಗುತ್ತೇನೆ. ಹೊಸದಾಗಿ ಬಂದ ಹೆಂಡತಿ, ಅಪ್ಪ, ಅತ್ತೆ, ತಂಗಿ ಎಲ್ಲರೂ ಹೆಚ್ಚು ಕಡಿಮೆ ಇದೇ ಪ್ರಶ್ನೆಗಳನ್ನು ಕೇಳುತ್ತಾರೆ. ಅಲ್ಲಿ ಡಾಕ್ಟರ್‌ಗಳಿಂದ ಕಲಿತದ್ದನ್ನೂ ನಮ್ಮ ಮನೆಯಲ್ಲಿ ಆದದ್ದನ್ನೂ ಸೇರಿಸಿ ಬರೆದಿದ್ದೇನೆ. ಮಾತ್ರೆಯ ಪ್ರಮಾಣ ಮಾತ್ರ ಇದನ್ನು ಓದಿ ನೀವೇ ತೀರ್ಮಾನಿಸಬೇಡಿ.

ಡಾಕ್ಟರೇ ಬರೆದುಕೊಟ್ಟ ಮಾತ್ರೆ. ಅದು ಚಟ ಹೇಗಾಗುತ್ತೆ?

ನಮ್ಮಪ್ಪನೂ ಮೊದಲು ಕೇಳಿದ್ದು ಇದನ್ನೇ. ಟ್ರಾಮಡಾಲ್, ಟಪೆಂಟಡಾಲ್, ಕೊಡೀನ್, ಪೆಂಟಜೋಸಿನ್, ಮಾರ್ಫಿನ್ ಇವೆಲ್ಲ ಒಪಿಯಾಯ್ಡ್ ಗುಂಪಿನ ಔಷಧಿಗಳು. ಅಫೀಮು ಮಿದುಳಿನಲ್ಲಿ ಎಲ್ಲಿ ಹೋಗಿ ಕೂರುತ್ತದೋ ಇವೂ ಅಲ್ಲೇ ಕೂರುತ್ತವೆ. ನೋವು ತಗ್ಗುತ್ತದೆ. ಜೊತೆಗೆ ಮನಸ್ಸಿಗೂ ಒಂಥರಾ ಹಿತವಾಗುತ್ತದೆ, ಸಾಲದ ಯೋಚನೆ, ಮನೆಯ ಜಗಳ ಎಲ್ಲ ಸ್ವಲ್ಪ ದೂರ ಹೋದ ಹಾಗೆ.

ದಿನವೂ ತೆಗೆದುಕೊಂಡರೆ ಕೆಲವೇ ವಾರಗಳಲ್ಲಿ ದೇಹ ಒಗ್ಗಿಕೊಳ್ಳುತ್ತದೆ. ಒಂದು ಮಾತ್ರೆಗೆ ಸಿಗುತ್ತಿದ್ದ ಆರಾಮಕ್ಕೆ ಎರಡು ಬೇಕಾಗುತ್ತದೆ. ನಿಲ್ಲಿಸಿದರೆ ಮೈಕೈ ಎಲ್ಲ ನೋವು. ಆ ನೋವು ಹಳೇ ಗಾಯದ್ದು ಅಂದುಕೊಂಡು ಮತ್ತೆ ನುಂಗುತ್ತಾರೆ. ಅಣ್ಣನಿಗೆ ಬರೆದುಕೊಟ್ಟಿದ್ದು ಟ್ರಾಮಡಾಲ್ ಮತ್ತು ಪ್ಯಾರಸಿಟಮಾಲ್ ಸೇರಿದ ಮಾತ್ರೆ, ಬೆಳಿಗ್ಗೆ ಒಂದು, ರಾತ್ರಿ ಒಂದು, ಹತ್ತು ದಿನಕ್ಕೆ. ಎರಡು ವರ್ಷದ ಹೊತ್ತಿಗೆ ದಿನಕ್ಕೆ 12 ನುಂಗುತ್ತಿದ್ದ. ಚೀಟಿ ಅದೇ ಹಳೇದು. ಮಡಚಿ ಮಡಚಿ ನಾಲ್ಕು ಚೂರಾಗಿತ್ತು.

ದೇಹ ಒಗ್ಗಿಕೊಂಡ ಮಾತ್ರಕ್ಕೆ ಅದು ಚಟ ಅಂತ ಅಲ್ಲ. ತುಂಬ ದಿನ ತೆಗೆದುಕೊಂಡ ಯಾರ ದೇಹವಾದರೂ ಒಗ್ಗುತ್ತದೆ. ದುಡ್ಡು, ಕೆಲಸ, ಮನೆ ಎಲ್ಲ ಹಾಳಾಗುತ್ತಿದೆ ಅಂತ ಗೊತ್ತಿದ್ದೂ ಬಿಡಲು ಆಗದೆ, ಇಡೀ ದಿನ ಮುಂದಿನ ಮಾತ್ರೆಯ ಸುತ್ತಲೇ ತಿರುಗತೊಡಗಿದರೆ ಅದನ್ನು ಚಟ ಅನ್ನುತ್ತಾರೆ.

ಹಾಗಾದ್ರೆ ಡೋಲೋ, ಡೈಕ್ಲೋ ಕೂಡ ಚಟ ಹಿಡಿಸುತ್ತವಾ?

ಇಲ್ಲ. ಡೋಲೋ ಅಂದರೆ ಪ್ಯಾರಸಿಟಮಾಲ್. ಡೈಕ್ಲೋಫೆನಾಕ್, ಅಸೆಕ್ಲೋಫೆನಾಕ್, ಐಬುಪ್ರೊಫೆನ್ ಬೇರೆ ಗುಂಪಿನವು. ಇವು ಒಪಿಯಾಯ್ಡ್ ಥರ ಚಟ ಹಿಡಿಸುವುದಿಲ್ಲ. ಹಾಗಂತ ವರ್ಷಗಟ್ಟಲೆ ನುಂಗುವುದು ಒಳ್ಳೆಯದಲ್ಲ. ಹೊಟ್ಟೆಯಲ್ಲಿ ಹುಣ್ಣಾಗುತ್ತದೆ, ಕಿಡ್ನಿ ಹೋಗುತ್ತದೆ. ತಲೆನೋವಿಗೆ ಅಂತ ಪದೇ ಪದೇ ನುಂಗಿದರೆ ಮಾತ್ರೆಯಿಂದಲೇ ತಲೆನೋವು ಬರುವುದೂ ಉಂಟು.

ಮಾತ್ರೆಯ ಶೀಟಿನ ಹಿಂದೆ ಸಣ್ಣ ಅಕ್ಷರದಲ್ಲಿರುವ ಔಷಧಿಯ ಹೆಸರು ಓದಿ. ಅಂಗಡಿಯ ಹೆಸರು ನೂರಿರುತ್ತವೆ, ಒಳಗಿನ ಔಷಧಿ ಒಂದೇ. ಟ್ರಾಮಡಾಲ್, ಟಪೆಂಟಡಾಲ್ ಅಂತ ಕಂಡರೆ ಎಚ್ಚರವಾಗಿರಿ. ಕೊಡೀನ್ ಇರುವ ಕೆಮ್ಮಿನ ಸಿರಪ್ಪೂ ಇದೇ ಗುಂಪು. ಡೆಕ್ಸ್ಟ್ರೊಪ್ರೊಪಾಕ್ಸಿಫೀನ್ ಎಂಬ ಇನ್ನೊಂದು ನೋವಿನ ಔಷಧಿಯನ್ನು 2013ರಲ್ಲಿ ನಮ್ಮ ದೇಶದಲ್ಲಿ ನಿಷೇಧಿಸಿದರು. ಹಳಬರಿಗೆ ಅದರ ನೀಲಿ ಕ್ಯಾಪ್ಸೂಲ್ ನೆನಪಿರಬಹುದು.

ನಮ್ಮಂಥ ಮನೆಗಳಲ್ಲೂ ಇದು ಆಗುತ್ತಾ?

ಈ ಪ್ರಶ್ನೆ ಕೇಳುವಾಗ ಎಲ್ಲರ ದನಿಯೂ ತಗ್ಗುತ್ತದೆ. ಕೇಂದ್ರ ಸರ್ಕಾರಕ್ಕಾಗಿ ದೆಹಲಿಯ ಏಮ್ಸ್ ಮಾಡಿದ ರಾಷ್ಟ್ರೀಯ ಸಮೀಕ್ಷೆ 2019ರಲ್ಲಿ ಹೊರಬಂತು. ಆ ಲೆಕ್ಕದಲ್ಲಿ ದೇಶದಲ್ಲಿ ಸುಮಾರು 2.26 ಕೋಟಿ ಜನ ಯಾವುದಾದರೊಂದು ಒಪಿಯಾಯ್ಡ್ ಬಳಸುತ್ತಾರೆ. ಅದರಲ್ಲಿ ಹೆರಾಯಿನ್ ಬಳಸುವವರು ಜನಸಂಖ್ಯೆಯ ಶೇ. 1.14. ಮೆಡಿಕಲ್‌ನಲ್ಲಿ ಸಿಗುವ ಔಷಧಿಗಳನ್ನು ಬಳಸುವವರು ಶೇ. 0.96. ಎರಡಕ್ಕೂ ಎಷ್ಟು ಕಡಿಮೆ ಅಂತರ ನೋಡಿ. ಹೆರಾಯಿನ್ ಅಂದರೆ ಎಲ್ಲರೂ ಹೌಹಾರುತ್ತಾರೆ, ಮಾತ್ರೆ ಅಂದರೆ ಯಾರೂ ತಿರುಗಿ ನೋಡುವುದಿಲ್ಲ.

ಗುಂಪಿನಲ್ಲಿ ನನ್ನ ಪಕ್ಕ ಕೂತವರಲ್ಲಿ ಮೇಷ್ಟ್ರ ಹೆಂಡತಿ, ಲಾರಿ ಡ್ರೈವರ್ ತಾಯಿ, ನರ್ಸ್ ಒಬ್ಬರ ಗಂಡ ಎಲ್ಲರೂ ಇದ್ದಾರೆ.

ಮನೆಯವರಿಗೆ ಹೇಗೆ ಗೊತ್ತಾಗುತ್ತೆ?

ಕುಡಿತದ ಹಾಗೆ ವಾಸನೆ ಇಲ್ಲ. ತೂರಾಡುವುದಿಲ್ಲ. ಹಾಗಾಗಿ ತಡವಾಗಿ ಗೊತ್ತಾಗುತ್ತದೆ. ಹೊತ್ತಲ್ಲದ ಹೊತ್ತಿನಲ್ಲಿ ತೂಕಡಿಕೆ, ಬೆಳಕಿಲ್ಲದ ಕಡೆಯೂ ಕಣ್ಣಿನ ಪಾಪೆ ಚುಕ್ಕಿಯಷ್ಟು ಸಣ್ಣ, ಮಲಬದ್ಧತೆ, ಮೈ ಕೆರೆತ, ಊಟ ಕಡಿಮೆ. ಹಬ್ಬ, ಮದುವೆ ಯಾವುದರಲ್ಲೂ ಆಸಕ್ತಿ ಇಲ್ಲ. ನಂಟರ ಮನೆಗೆ ಹೋದರೆ ಅವರ ಔಷಧಿ ಡಬ್ಬಿಯ ಮೇಲೆ ಕಣ್ಣು. ಒಂದೇ ಚೀಟಿ ಹಿಡಿದು ಮೂರು ಮೆಡಿಕಲ್ ಸುತ್ತುವುದು. "ಮಾತ್ರೆ ಎಲ್ಲೋ ಬಿದ್ದೋಯ್ತು" ಅಂತ ಪದೇ ಪದೇ ಹೇಳುವುದು.

ನಮ್ಮ ಮನೆಯಲ್ಲಿ ಮೊದಲು ಗೊತ್ತಾದದ್ದು ಸದ್ದಿನಿಂದ. ರಾತ್ರಿ ಎರಡು ಗಂಟೆಗೆ ಬಚ್ಚಲುಮನೆಯಿಂದ ಪಟ್, ಪಟ್ ಅಂತ ಶೀಟಿನಿಂದ ಮಾತ್ರೆ ಒತ್ತಿ ತೆಗೆಯುವ ಸದ್ದು. ಅತ್ತಿಗೆ ಹಾಸಿಗೆಯಲ್ಲಿ ಮಲಗಿಕೊಂಡೇ ಎಣಿಸುತ್ತಿದ್ದರಂತೆ. ಆರು ತಿಂಗಳು ಯಾರಿಗೂ ಹೇಳಿರಲಿಲ್ಲ. ಆಮೇಲೆ ಹುಡುಕಿದಾಗ ಖಾಲಿ ಶೀಟುಗಳು ಸಿಕ್ಕಿದ್ದು ಅಟ್ಟದ ಮೇಲಿನ ಹಳೇ ಹಿತ್ತಾಳೆ ಹಂಡೆಯಲ್ಲಿ. ಹಂಡೆ ಅರ್ಧ ತುಂಬಿತ್ತು.

ಅದಕ್ಕೂ ಮುಂಚೆ ಒಂದು ದಿನ ಮಂಡಿಯಲ್ಲಿ ಮೂಟೆ ತೂಕ ಹಾಕಿಸುವಾಗ ಅಣ್ಣನಿಗೆ ಫಿಟ್ಸ್ ಬಂದಿತ್ತು. ಮೂರ್ಛೆ ರೋಗ ಅಂದುಕೊಂಡು ಎಲ್ಲೆಲ್ಲೋ ತೋರಿಸಿದೆವು. ಟ್ರಾಮಡಾಲ್ ದಿನಕ್ಕೆ 400 ಮಿಲಿಗ್ರಾಂ ದಾಟಿದರೆ ಫಿಟ್ಸ್ ಬರುವ ಅಪಾಯ ಜಾಸ್ತಿ. ಖಿನ್ನತೆಯ ಕೆಲವು ಮಾತ್ರೆಗಳ ಜೊತೆ ಸೇರಿದರೆ ಇನ್ನೂ ಜಾಸ್ತಿ. ಅವನ 12 ಮಾತ್ರೆ ಅಂದರೆ 450 ಮಿಲಿಗ್ರಾಂ. ಅದರ ಜೊತೆ ಸುಮಾರು 4 ಗ್ರಾಂ ಪ್ಯಾರಸಿಟಮಾಲ್ ದಿನವೂ ಲಿವರ್‌ಗೆ ಹೋಗುತ್ತಿತ್ತು. ಯಾವ ಆಸ್ಪತ್ರೆಯಲ್ಲೂ "ಏನೇನು ಮಾತ್ರೆ ತಗೋತೀರಿ" ಅಂತ ಅವನನ್ನು ಒಬ್ಬನೇ ಕೂರಿಸಿ ಕೇಳಲಿಲ್ಲ. ನಾವೂ ಹೇಳಲಿಲ್ಲ.

ಮಾತ್ರೆ ಬಚ್ಚಿಟ್ಟು ಒಮ್ಮೆಲೇ ನಿಲ್ಲಿಸಿಬಿಡಬಹುದಾ?

ದಯವಿಟ್ಟು ಹಾಗೆ ಮಾಡಬೇಡಿ. ನಮ್ಮ ಮನೆಯಲ್ಲಿ ನಾವು ಮಾಡದೇನೇ ಆಯಿತು. 2018ರ ಏಪ್ರಿಲ್‌ನಲ್ಲಿ ಟ್ರಾಮಡಾಲ್ ಅನ್ನು ಎನ್‌ಡಿಪಿಎಸ್ ಅಂದರೆ ಮಾದಕ ವಸ್ತುಗಳ ಕಾಯ್ದೆಯೊಳಗೆ ತಂದರು. ಅಣ್ಣ ದಿನವೂ ಹೋಗುತ್ತಿದ್ದ ಮೆಡಿಕಲ್‌ನವರು ಒಂದು ದಿನ ಇದ್ದಕ್ಕಿದ್ದಂತೆ ಕೊಡಲ್ಲ ಅಂದರು. ಕಾನೂನು ಸರಿಯಾದದ್ದೇ. ಆದರೆ ಅಷ್ಟು ದಿನ ಕೊಟ್ಟವರು "ಡಾಕ್ಟರ್ ಹತ್ರ ಹೋಗಪ್ಪಾ" ಅಂತ ಒಂದು ಮಾತು ಹೇಳಬಹುದಿತ್ತು.

ಮರುದಿನ ಬೆಳಿಗ್ಗೆ ಅವನಿಗೆ ಆಕಳಿಕೆ ಮೇಲೆ ಆಕಳಿಕೆ. ಮೂಗು, ಕಣ್ಣಲ್ಲಿ ನೀರು. ಕೈಮೇಲೆಲ್ಲ ರೋಮ ನಿಂತಿತ್ತು. ಅಮ್ಮ ಶೀತ ಅಂದುಕೊಂಡು ಮೆಣಸಿನ ಕಷಾಯ ಮಾಡಿಕೊಟ್ಟಳು. ಕುಡಿದದ್ದೆಲ್ಲ ವಾಂತಿಯಾಯಿತು. ಆಮೇಲೆ ಭೇದಿ. ರಾತ್ರಿ ಕಾಲುಗಳು ತಮ್ಮಷ್ಟಕ್ಕೆ ಒದೆಯುತ್ತಿದ್ದವು. ಅಮ್ಮ ಹರಳೆಣ್ಣೆ ಬಿಸಿ ಮಾಡಿ ಬೆಳಗಿನವರೆಗೂ ಕಾಲು ಒತ್ತಿದಳು. ಅವನು ಅಳುತ್ತಲೇ ಇದ್ದ. ಮೂವತ್ತೆಂಟು ವರ್ಷದ ಗಂಡಸು ಹಾಗೆ ಅಳುವುದನ್ನು ನಾನು ಅಲ್ಲಿಯವರೆಗೆ ನೋಡಿರಲಿಲ್ಲ. ಮೂರನೇ ದಿನ ಅವನೇ ಎಲ್ಲ ಹೇಳಿಕೊಂಡ.

ಈ ಯಾತನೆ ಸಾಮಾನ್ಯವಾಗಿ ಕೊನೆಯ ಮಾತ್ರೆಯಾಗಿ ಒಂದು ದಿನದೊಳಗೆ ಶುರುವಾಗುತ್ತದೆ. ಎರಡು ಮೂರನೇ ದಿನ ಜೋರಾಗಿರುತ್ತದೆ. ವಾರ ಹತ್ತು ದಿನದಲ್ಲಿ ಇಳಿಯುತ್ತದೆ. ನಿದ್ದೆ ಬಾರದಿರುವುದು, ಬೇಜಾರು, ಮಾತ್ರೆಯ ಆಸೆ ಮಾತ್ರ ತಿಂಗಳುಗಟ್ಟಲೆ ಉಳಿಯಬಹುದು. ಡಾಕ್ಟರ್ ಹತ್ತಿರ ಹೋದರೆ ಈ ಯಾತನೆಗೆ ಔಷಧಿ ಇದೆ. ಇಲ್ಲವೇ ನಿಧಾನವಾಗಿ ಪ್ರಮಾಣ ಇಳಿಸುತ್ತಾರೆ. ಬಸುರಿಯರಂತೂ ಒಮ್ಮೆಲೇ ನಿಲ್ಲಿಸಲೇಬಾರದು, ಮಗುವಿಗೆ ಅಪಾಯ. ಆಲ್ಪ್ರಜೋಲಾಮ್ ಥರದ ನಿದ್ದೆ ಮಾತ್ರೆಯೂ ಜೊತೆಗಿದ್ದರೆ ಅದನ್ನು ಡಾಕ್ಟರ್‌ಗೆ ತಪ್ಪದೆ ಹೇಳಿ. ಅದನ್ನು ಥಟ್ಟನೆ ನಿಲ್ಲಿಸಿದರೆ ಫಿಟ್ಸ್ ಬರಬಹುದು.

ಮಾತ್ರೆ ಬಿಡಿಸೋಕೆ ಇನ್ನೊಂದು ಮಾತ್ರೆ ಕೊಡ್ತಾರಂತೆ. ಇದೆಂಥ ಚಿಕಿತ್ಸೆ?

ನಾನೂ ಜಗಳವಾಡಿದ್ದೇನೆ, ಡಾಕ್ಟರ್ ಎದುರಿಗೇ. ಆ ಔಷಧಿಯ ಹೆಸರು ಬ್ಯೂಪ್ರಿನಾರ್ಫಿನ್. ನಲಾಕ್ಸೋನ್ ಎಂಬುದನ್ನು ಸೇರಿಸಿ ಮಾಡಿದ ಮಾತ್ರೆ ಇರುತ್ತದೆ, ಕರಗಿಸಿ ಸೂಜಿಯಲ್ಲಿ ಚುಚ್ಚಿಕೊಳ್ಳಬಾರದು ಅಂತ. ನಾಲಗೆ ಕೆಳಗಿಟ್ಟು ಕರಗಿಸಿಕೊಳ್ಳಬೇಕು. ಮಿದುಳಿನ ಅದೇ ಜಾಗದಲ್ಲಿ ಹೋಗಿ ಕೂರುತ್ತದೆ, ಆದರೆ ಅರ್ಧಂಬರ್ಧ ಕೆಲಸ ಮಾಡುತ್ತದೆ. ಯಾತನೆ ನಿಲ್ಲುತ್ತದೆ, ಆಸೆ ತಗ್ಗುತ್ತದೆ, ಆದರೆ ಅಮಲು ಏರುತ್ತಾ ಹೋಗುವುದಿಲ್ಲ. ದಿನವೆಲ್ಲ ಒಂದೇ ಸಮ ಇರುವುದರಿಂದ ಮನುಷ್ಯ ಕೆಲಸಕ್ಕೆ ಹೋಗಬಲ್ಲ. ಇದನ್ನು ಶುರುಮಾಡುವ ಹೊತ್ತು ಮುಖ್ಯ. ಹಳೆಯ ಮಾತ್ರೆಯ ಪ್ರಭಾವ ಇಳಿದು ಯಾತನೆ ಶುರುವಾದ ಮೇಲೆ ಕೊಡಬೇಕು. ಮುಂಚೆಯೇ ಕೊಟ್ಟರೆ ಯಾತನೆ ಒಮ್ಮೆಲೇ ಜೋರಾಗುತ್ತದೆ. ಹಾಗಾಗಿ ಯಾರದೋ ಹತ್ತಿರ ತಂದು ಮನೆಯಲ್ಲೇ ಕೊಡುವ ಔಷಧಿ ಇದಲ್ಲ. ಎಲ್ಲ ಮೆಡಿಕಲ್‌ಗಳಲ್ಲೂ ಸಿಗುವುದೂ ಇಲ್ಲ.

ನಾಲ್ಟ್ರೆಕ್ಸೋನ್ ಅಂತ ಇನ್ನೊಂದಿದೆ. ಅದು ಆ ಜಾಗವನ್ನೇ ಮುಚ್ಚಿಬಿಡುತ್ತದೆ. ಅದಕ್ಕೆ ಮೊದಲು ವಾರ ಹತ್ತು ದಿನ ಯಾವ ಒಪಿಯಾಯ್ಡೂ ಮೈಯಲ್ಲಿ ಇರಬಾರದು.

ಎಷ್ಟು ದಿನ ತೆಗೆದುಕೊಳ್ಳಬೇಕು ಅಂತ ನಾನು ಕೇಳಿದ್ದೆ. "ನಿಮ್ಮ ತಾಯಿ ಬಿಪಿ ಮಾತ್ರೆ ಎಷ್ಟು ದಿನ ತಗೋತಾರಮ್ಮಾ?" ಅಂತ ಡಾಕ್ಟರ್ ಕೇಳಿದರು. ನಾನು ಸುಮ್ಮನಾದೆ. ಕೆಲವರಿಗೆ ತಿಂಗಳು, ಕೆಲವರಿಗೆ ವರ್ಷಗಳು. ನೀವು ಆತುರಪಡಿಸಬೇಡಿ. "ಇನ್ನೂ ಯಾವಾಗ ಅದನ್ನೂ ಬಿಡ್ತೀಯಾ" ಅಂತ ನಂಟರು ಕೇಳಿ ಕೇಳಿ, ಸರಿಯಿದ್ದವರು ಅರ್ಧಕ್ಕೇ ನಿಲ್ಲಿಸಿ ಮತ್ತೆ ಬಿದ್ದಿದ್ದನ್ನು ಕಂಡಿದ್ದೇನೆ.

ಎಲ್ಲಿಗೆ ಕರೆದುಕೊಂಡು ಹೋಗಬೇಕು?

ಮೊದಲು ಒಂದು ಫೋನ್ ಮಾಡಿ. 14416 ಟೆಲಿ ಮಾನಸ್ ನಂಬರ್, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ. ದುಡ್ಡಿಲ್ಲ, ದಿನದ 24 ಗಂಟೆಯೂ ಇರುತ್ತದೆ, ಕನ್ನಡದಲ್ಲೇ ಮಾತಾಡುತ್ತಾರೆ. ಚಟಕ್ಕಂತಲೇ ಇರುವ ರಾಷ್ಟ್ರೀಯ ಸಹಾಯವಾಣಿ 14446. ಮನೆಯವರು ತಮಗಾಗಿಯೂ ಮಾಡಬಹುದು. ಅಣ್ಣನೋ ಗಂಡನೋ ಒಪ್ಪುವವರೆಗೆ ಕಾಯಬೇಕಿಲ್ಲ.

ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಚಟದ ಚಿಕಿತ್ಸೆಗೇ ಪ್ರತ್ಯೇಕ ಕೇಂದ್ರ ಇದೆ. ಉತ್ತರ ಕರ್ನಾಟಕದವರಿಗೆ ಧಾರವಾಡದ ಡಿಮ್ಹಾನ್ಸ್. ಜಿಲ್ಲಾ ಆಸ್ಪತ್ರೆ ಮತ್ತು ಮೆಡಿಕಲ್ ಕಾಲೇಜುಗಳಲ್ಲಿ ಮನೋವೈದ್ಯರಿರುತ್ತಾರೆ. ರಾಜ್ಯ ಸರ್ಕಾರದ ಮನೋಚೈತನ್ಯ ಕಾರ್ಯಕ್ರಮದಲ್ಲಿ ಮಂಗಳವಾರ ತಾಲೂಕು ಆಸ್ಪತ್ರೆಗೂ ಬರುತ್ತಾರೆ. ಹೋಗುವಾಗ ಹಳೇ ಚೀಟಿ, ಖಾಲಿ ಶೀಟು, ಸ್ಕ್ಯಾನ್ ಎಲ್ಲ ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿ. ದಿನಕ್ಕೆಷ್ಟು ಮಾತ್ರೆ ಅಂತ ನಿಜ ಹೇಳಿ. ಲೆಕ್ಕ ಕಡಿಮೆ ಹೇಳಿದರೆ ಔಷಧಿಯೂ ಕಡಿಮೆ ಬೀಳುತ್ತದೆ, ಎರಡನೇ ದಿನವೇ ಓಡಿಬರುತ್ತಾರೆ.

ಪೊಲೀಸ್ ಕೇಸ್ ಆಗಲ್ವಾ?

ಚಿಕಿತ್ಸೆಗೆ ಹೋದವರ ವಿಷಯವನ್ನು ಗುಟ್ಟಾಗಿಡುವುದು ಆಸ್ಪತ್ರೆಯ ಕರ್ತವ್ಯ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಚಟದ ತೊಂದರೆಯನ್ನೂ ಕಾಯಿಲೆಯ ಒಳಗೇ ಇಟ್ಟಿದೆ. ಎನ್‌ಡಿಪಿಎಸ್ ಕಾಯ್ದೆಯಲ್ಲೂ 64ಎ ಅಂತ ಒಂದು ಕಲಂ ಇದೆ. ಬಳಸಿದ್ದಕ್ಕೆ ಅಥವಾ ಸಣ್ಣ ಪ್ರಮಾಣ ಇಟ್ಟುಕೊಂಡಿದ್ದಕ್ಕೆ ಕೇಸಾದವರು ತಾವಾಗಿ ಸರ್ಕಾರ ಮಾನ್ಯ ಮಾಡಿದ ಕಡೆ ಚಿಕಿತ್ಸೆಗೆ ಬಂದರೆ ವಿಚಾರಣೆಯಿಂದ ರಕ್ಷಣೆ ಸಿಗುತ್ತದೆ. ಚಿಕಿತ್ಸೆ ಪೂರ್ತಿ ಮುಗಿಸಬೇಕು. ಮಾರುವವರಿಗೆ ಇದು ಅನ್ವಯಿಸುವುದಿಲ್ಲ. ಕೇಸ್ ಈಗಾಗಲೇ ಆಗಿದ್ದರೆ ವಕೀಲರನ್ನು ಕೇಳಿ.

ಬಲವಂತವಾಗಿ ಚಟ ಬಿಡಿಸೋ ಸೆಂಟರ್‌ಗೆ ಹಾಕಿಬಿಡೋಣ ಅಂತಿದ್ದಾರೆ ಮಾವ. ಸರಿನಾ?

ನಾವೂ ಹಾಕಿದ್ದೆವು. ಯಾವ ಊರು, ಯಾವ ಸೆಂಟರ್ ಅನ್ನುವುದು ಬೇಡ. ರಾತ್ರಿ ಹತ್ತಕ್ಕೆ ನಾಲ್ಕು ಜನ ಬಂದು ಅಣ್ಣನನ್ನು ಕಾರಿಗೆ ಹಾಕಿಕೊಂಡು ಹೋದರು. ಅಂಗಿಯನ್ನೂ ಹಾಕಿಕೊಳ್ಳಲು ಬಿಡಲಿಲ್ಲ. ಮಗಳು ಬಾಗಿಲ ಸಂದಿಯಿಂದ ನೋಡುತ್ತಿದ್ದಳು. ಒಂದು ತಿಂಗಳು ಫೋನ್ ಇಲ್ಲ, ಭೇಟಿ ಇಲ್ಲ. ಡಾಕ್ಟರ್ ಇರಲಿಲ್ಲ ಅಂತ ಆಮೇಲೆ ಗೊತ್ತಾಯಿತು. ಯಾತನೆಗೆ ಔಷಧಿ ಕೊಟ್ಟಿಲ್ಲ, ಹೊಡೆದಿದ್ದಾರೆ. ವಾಪಸ್ ಬಂದ ವಾರಕ್ಕೇ ಮತ್ತೆ ಶುರು ಮಾಡಿದ. ಅವನಿಗೆ ನಮ್ಮ ಮೇಲಿನ ನಂಬಿಕೆ ಹೋಗಿತ್ತು. ಅದನ್ನು ಮತ್ತೆ ಗಳಿಸಲು ಚಿಕಿತ್ಸೆಗಿಂತ ಜಾಸ್ತಿ ಕಾಲ ಬೇಕಾಯಿತು.

ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಏನು ಹೇಳುತ್ತದೆ ಅಂದರೆ, ಇಂಥ ಕೇಂದ್ರಗಳು ರಾಜ್ಯ ಮಾನಸಿಕ ಆರೋಗ್ಯ ಪ್ರಾಧಿಕಾರದಲ್ಲಿ ನೋಂದಣಿ ಆಗಿರಬೇಕು. ಸರಪಳಿಯಲ್ಲಿ ಕಟ್ಟುವಂತಿಲ್ಲ. ರೋಗಿಗೆ ತೀರ್ಮಾನ ಮಾಡುವ ಸ್ಥಿತಿಯೇ ಇಲ್ಲದೆ ಪ್ರಾಣಕ್ಕೆ ಅಪಾಯವಿದ್ದರೆ, ಅವರ ಪರವಾದವರು ಅರ್ಜಿ ಕೊಟ್ಟು, ಮನೋವೈದ್ಯರು ಪರೀಕ್ಷೆ ಮಾಡಿದ ಮೇಲೆ ದಾಖಲು ಮಾಡಿಕೊಳ್ಳಬಹುದು, ಮೊದಲಿಗೆ 30 ದಿನದವರೆಗೆ. ಸೇರಿಸುವ ಮುಂಚೆ ಮೂರು ವಿಷಯ ಕೇಳಿ: ನೋಂದಣಿ ಪತ್ರ ತೋರಿಸಿ, ಮನೋವೈದ್ಯರು ಯಾವ ದಿನ ಬರುತ್ತಾರೆ, ನಾವು ಯಾವಾಗ ನೋಡಬಹುದು. "ನೋಡೋಕಾಗಲ್ಲ" ಅಂದರೆ ಅಲ್ಲಿಂದ ಎದ್ದು ಬನ್ನಿ.

ದೇವರ ಮುಂದೆ ಆಣೆ ಮಾಡಿಸಿದ್ದೀವಿ. ಆದ್ರೂ ಬಿಡಲಿಲ್ಲ.

ನಮ್ಮಮ್ಮನೂ ಮಂಜುನಾಥನ ಮೇಲೆ ಆಣೆ ಮಾಡಿಸಿದ್ದಳು. ಆಣೆ ಮಾಡುವಾಗ ಅಣ್ಣ ಸುಳ್ಳು ಹೇಳಿರಲಿಲ್ಲ, ನಿಜವಾಗಿಯೂ ಬಿಡಬೇಕು ಅಂತಲೇ ಇದ್ದ. ಮೂರನೇ ದಿನದ ರಾತ್ರಿ ತಡೆಯಲಾಗಲಿಲ್ಲ. ಆಮೇಲೆ ಮಾತ್ರೆಯ ತಪ್ಪಿನ ಜೊತೆ ಆಣೆ ಮುರಿದ ತಪ್ಪೂ ಸೇರಿಕೊಂಡು ಇನ್ನೂ ಕುಗ್ಗಿಹೋದ. ದೇವರಿಗೆ ಕೈಮುಗಿಯಿರಿ, ಹರಕೆ ಹೊತ್ತುಕೊಳ್ಳಿ, ಆದರೆ ಅದರ ಜೊತೆಗೆ ಆಸ್ಪತ್ರೆಗೂ ಹೋಗಿ. ಮದ್ಯವರ್ಜನ ಶಿಬಿರಗಳು ಕುಡಿತಕ್ಕಾಗಿ ಇರುವಂಥವು. ಮಾತ್ರೆಯ ಯಾತನೆಗೆ ಔಷಧಿ ಬೇಕು.

ಮದುವೆ ಮಾಡಿದರೆ ಸರಿಹೋಗುತ್ತಾನೆ ಅನ್ನುವವರೂ ಇದ್ದಾರೆ. ಬೇರೆಯವರ ಮನೆಯ ಹೆಣ್ಣುಮಗಳನ್ನು ಔಷಧಿ ಮಾಡಿಕೊಳ್ಳಬೇಡಿ.

ನಾನು ಹೆಂಡತಿ. ದುಡ್ಡು ಕೇಳ್ತಾರೆ, ಸುಳ್ಳು ಹೇಳ್ತಾರೆ, ಒಡವೆ ಹೋಯ್ತು. ನಾನೇನು ಮಾಡಲಿ?

ಅತ್ತಿಗೆಯದು ಎರಡು ಬಳೆ, ಒಂದು ಅವಲಕ್ಕಿ ಸರ ಗಿರವಿ ಅಂಗಡಿಗೆ ಹೋದವು. ಅವರು ಎರಡು ಕೆಲಸ ಮಾಡುತ್ತಿದ್ದರು. ಹಗಲು ಪೊಲೀಸ್ ಥರ ಜೇಬು ತಡಕುವುದು, ಮಾತ್ರೆ ಎಣಿಸುವುದು. ಸಂಜೆ ಮಂಡಿಯವರು ಫೋನ್ ಮಾಡಿದರೆ "ಜ್ವರ, ಮಲಗಿದ್ದಾರೆ" ಅಂತ ಮುಚ್ಚಿಡುವುದು. ನಾವೆಲ್ಲ ಹಾಗೇ ಇದ್ದೆವು. ಗುಂಪಿನಲ್ಲಿ ಕಲಿತದ್ದು ಈ ಎರಡನ್ನೂ ಸ್ವಲ್ಪ ಸ್ವಲ್ಪವಾಗಿ ಬಿಡುವುದನ್ನೇ.

ಮಾತ್ರೆಗೆ ಅಂತ ದುಡ್ಡು ಕೊಡಬೇಡಿ. ಆಸ್ಪತ್ರೆಯ ಖರ್ಚು, ಬಸ್ ಚಾರ್ಜು ನೀವೇ ಕೊಡಿ. ಅವರ ಪರವಾಗಿ ಸುಳ್ಳು ಹೇಳಬೇಡಿ. ಮನೆಯ ಖಾತೆ, ಒಡವೆ, ಎಟಿಎಂ ಕಾರ್ಡ್ ನಿಮ್ಮ ಕೈಯಲ್ಲಿರಲಿ. ಅದನ್ನು ಕದ್ದು ಮಾಡಬೇಡಿ, ಹೇಳಿಯೇ ಮಾಡಿ. ಅಮಲಿನಲ್ಲಿದ್ದಾಗ, ಯಾತನೆಯಲ್ಲಿದ್ದಾಗ ಜಗಳ ಬೇಡ. ಬೆಳಿಗ್ಗೆ ಸರಿಯಿರುವ ಹೊತ್ತು ನೋಡಿ ಮಾತಾಡಿ. "ನೀವು ಹಿಂಗೇ" ಅನ್ನುವ ಬದಲು "ನಿನ್ನೆ ರಾತ್ರಿ ನೀವು ಏಳಲಿಲ್ಲ, ನಂಗೆ ಹೆದರಿಕೆ ಆಯ್ತು" ಅನ್ನಿ. ಮಾತ್ರೆ ಕಡಿಮೆಯಾದ ದಿನ ಚೆನ್ನಾಗಿ ಮಾತಾಡಿಸಿ, ಜೊತೆಗೆ ಕೂತು ಊಟ ಮಾಡಿ. ಇದೆಲ್ಲ ಸಣ್ಣದು ಅನ್ನಿಸುತ್ತೆ, ಅಲ್ವಾ? ಆದರೆ ಆಸ್ಪತ್ರೆಗೆ ಹೋಗೋಣ ಅನ್ನುವ ಮಾತು ಅಣ್ಣನ ಬಾಯಿಂದ ಬಂದದ್ದು ಅಂಥ ಒಂದು ಊಟದ ಹೊತ್ತಿನಲ್ಲೇ.

ಹೊಡೆಯುತ್ತಿದ್ದರೆ ಈ ಯಾವ ಮಾತೂ ಅನ್ವಯಿಸುವುದಿಲ್ಲ. ಮಕ್ಕಳನ್ನು ಕರೆದುಕೊಂಡು ಸುರಕ್ಷಿತವಾದ ಕಡೆ ಹೋಗಿ. ಮಹಿಳಾ ಸಹಾಯವಾಣಿ 181, ತುರ್ತಿಗೆ 112. ಕಾಯಿಲೆ ಇದೆ ಅನ್ನುವುದು ನೀವು ಏಟು ತಿನ್ನಲು ಕಾರಣವಾಗಬಾರದು.

ಮಕ್ಕಳಿಗೆ ಏನು ಹೇಳೋದು?

ಅವರಿಗೆ ಅರ್ಧ ಗೊತ್ತಿರುತ್ತದೆ. ನಮ್ಮ ಅಣ್ಣನ ಮಗಳಿಗೆ ಆಗ ಎಂಟು ವರ್ಷ. ತಾನು ಗಲಾಟೆ ಮಾಡಿದ್ದಕ್ಕೇ ಅಪ್ಪನಿಗೆ ನೋವು ಜಾಸ್ತಿ ಆಗಿದ್ದು ಅಂದುಕೊಂಡಿದ್ದಳು. ಆರು ತಿಂಗಳು ಮನೆಯಲ್ಲಿ ಕಾಲ್ಗೆಜ್ಜೆ ಹಾಕಿಕೊಂಡಿರಲಿಲ್ಲ, ಸದ್ದಾಗುತ್ತೆ ಅಂತ. ನಮಗದು ಗಮನಕ್ಕೇ ಬಂದಿರಲಿಲ್ಲ.

ಅತ್ತಿಗೆ ಅವಳನ್ನು ಕೂರಿಸಿಕೊಂಡು ಹೀಗೆ ಹೇಳಿದರು: "ಅಪ್ಪನಿಗೆ ಒಂದು ಕಾಯಿಲೆ ಪುಟ್ಟಾ. ಮಾತ್ರೆ ಜಾಸ್ತಿ ತಿನ್ನೋ ಕಾಯಿಲೆ. ನಿನ್ನಿಂದ ಬಂದಿದ್ದಲ್ಲ. ನೀನು ವಾಸಿ ಮಾಡಬೇಕಾಗಿಯೂ ಇಲ್ಲ, ಡಾಕ್ಟರ್ ಇದ್ದಾರೆ." ಅಷ್ಟು ಸಾಕಾಯಿತು. ಮಕ್ಕಳ ಕೈಯಲ್ಲಿ ಅಪ್ಪನ ಮೇಲೆ ಪತ್ತೇದಾರಿ ಮಾಡಿಸಬೇಡಿ. ಮೆಡಿಕಲ್‌ಗೂ ಕಳಿಸಬೇಡಿ. ಮಾತ್ರೆಗಳು ಬೀಗದಲ್ಲಿರಲಿ. ದೊಡ್ಡವರಿಗೆ ಏನೂ ಆಗದಷ್ಟು ಮಾತ್ರೆ ಚಿಕ್ಕ ಮಗುವಿನ ಉಸಿರು ನಿಲ್ಲಿಸಬಹುದು.

ಹೆಂಗಸರಿಗೂ ಆಗುತ್ತಾ?

ಆಗುತ್ತದೆ, ಇನ್ನೂ ಗುಟ್ಟಾಗಿ. ಸೊಂಟನೋವು, ಸಿಸೇರಿಯನ್ ಆದ ಮೇಲಿನ ನೋವು, ತಲೆನೋವು. ಒಂದು ಮಾತ್ರೆ ನುಂಗಿದರೆ ಮನೆಕೆಲಸ ಮಾಡಲು ಶಕ್ತಿ ಬಂದ ಹಾಗಾಗುತ್ತದೆ. ಗಂಡಸರನ್ನು ಆಸ್ಪತ್ರೆಗೆ ಹೆಂಡತಿ ಕರೆತರುತ್ತಾಳೆ. ಹೆಂಗಸರನ್ನು ಕರೆತರಲು ಎಷ್ಟೋ ಸಲ ಯಾರೂ ಇರುವುದಿಲ್ಲ. ನಮ್ಮ ಗುಂಪಿಗೆ ಬರುವ ಒಬ್ಬ ಅಕ್ಕ ನರ್ಸ್. ಪೆಂಟಜೋಸಿನ್ ಇಂಜೆಕ್ಷನ್ ತಾವೇ ಚುಚ್ಚಿಕೊಳ್ಳುತ್ತಿದ್ದರು. ಆ ಔಷಧಿ ಚರ್ಮವನ್ನೇ ಮರದ ಹಾಗೆ ಗಟ್ಟಿ ಮಾಡಿ ಹುಣ್ಣು ತರುತ್ತದೆ. ಬೇಸಿಗೆಯಲ್ಲೂ ತುಂಬು ತೋಳಿನ ರವಿಕೆ ತೊಡುತ್ತಿದ್ದರು. ಹಾಲೂಡಿಸುವ ತಾಯಂದಿರು ಕೊಡೀನ್, ಟ್ರಾಮಡಾಲ್ ತೆಗೆದುಕೊಳ್ಳಬಾರದು. ನೋವಿದ್ದರೆ ಬೇರೆ ಮಾತ್ರೆ ಬರೆದುಕೊಡಿ ಅಂತ ಕೇಳಿ.

ಅಮ್ಮನಿಗೆ ಕ್ಯಾನ್ಸರ್. ಮಾರ್ಫಿನ್ ಕೊಡ್ತಿದ್ದಾರೆ. ಚಟ ಆಗುತ್ತೆ ಅಂತ ನಿಲ್ಲಿಸೋಣ ಅಂತಿದ್ದೀವಿ.

ನಿಲ್ಲಿಸಬೇಡಿ. ಈ ಪುಟ ಓದಿ ಯಾರಾದರೂ ಕ್ಯಾನ್ಸರ್ ರೋಗಿಯ ಮಾರ್ಫಿನ್ ನಿಲ್ಲಿಸಿದರೆ ನಾನು ಬರೆದದ್ದೇ ತಪ್ಪಾದೀತು. ಕ್ಯಾನ್ಸರ್ ನೋವಿಗೆ ಮಾರ್ಫಿನ್ ಬೇಕು. ಡಾಕ್ಟರ್ ಹೇಳಿದ ಹೊತ್ತಿಗೆ, ಹೇಳಿದಷ್ಟು ಕೊಡಿ. ಮಲಬದ್ಧತೆಗೆ ಜೊತೆಗೇ ಔಷಧಿ ಕೇಳಿ ಪಡೆಯಿರಿ. ಇಂಥ ರೋಗಿಗಳಿಗೆ ಔಷಧಿ ಸುಲಭವಾಗಿ ಸಿಗಲಿ ಅಂತಲೇ 2014ರಲ್ಲಿ ಎನ್‌ಡಿಪಿಎಸ್ ಕಾಯ್ದೆಗೆ ತಿದ್ದುಪಡಿ ತಂದರು. ಬೆಂಗಳೂರಿನಲ್ಲಿ ಕರುಣಾಶ್ರಯ ಅಂತಿಮ ಹಂತದ ಕ್ಯಾನ್ಸರ್ ರೋಗಿಗಳನ್ನು ದುಡ್ಡು ತೆಗೆದುಕೊಳ್ಳದೆ ನೋಡಿಕೊಳ್ಳುತ್ತದೆ.

ಮಾತ್ರೆ ಜಾಸ್ತಿ ತಗೊಂಡು ಮಲಗಿದ್ದಾರೆ, ಏಳ್ತಿಲ್ಲ. ಏನು ಮಾಡೋದು?

ಈ ಉತ್ತರವನ್ನು ಮನೆಯಲ್ಲಿ ಎಲ್ಲರೂ ಓದಿಟ್ಟುಕೊಳ್ಳಿ. ಅಲುಗಾಡಿಸಿ, ಜೋರಾಗಿ ಕೂಗಿ. ಉಸಿರು ನಿಧಾನವಾಗಿದ್ದರೆ, ಗೊರಗೊರ ಸದ್ದಿದ್ದರೆ, ತುಟಿ ಉಗುರು ನೀಲಿಯಾಗಿದ್ದರೆ, ಕಣ್ಣಿನ ಪಾಪೆ ಸೂಜಿಮೊನೆಯಷ್ಟಿದ್ದರೆ ತಕ್ಷಣ 108ಕ್ಕೆ ಫೋನ್ ಮಾಡಿ. ಒಂದು ಮಗ್ಗುಲಿಗೆ ತಿರುಗಿಸಿ ಮಲಗಿಸಿ, ವಾಂತಿ ಗಂಟಲಿಗೆ ಹೋಗದ ಹಾಗೆ. ಉಸಿರು ನಿಂತಿದ್ದರೆ ಅಂಗಾತ ಮಲಗಿಸಿ, ಗೊತ್ತಿದ್ದವರು ಬಾಯಿಂದ ಉಸಿರು ಕೊಡಿ, ಎದೆ ಒತ್ತಿ. ಮಜ್ಜಿಗೆ, ಉಪ್ಪುನೀರು, ಕಾಫಿ ಯಾವುದನ್ನೂ ಬಾಯಿಗೆ ಹಾಕಬೇಡಿ. "ಮಲಗಲಿ ಬಿಡು, ಬೆಳಿಗ್ಗೆ ಇಳಿಯುತ್ತೆ" ಅನ್ನಬೇಡಿ. ಆಸ್ಪತ್ರೆಯಲ್ಲಿ ಏನು ತೆಗೆದುಕೊಂಡಿದ್ದಾರೆ ಅಂತ ಮುಚ್ಚುಮರೆ ಇಲ್ಲದೆ ಹೇಳಿ. ನಲಾಕ್ಸೋನ್ ಇಂಜೆಕ್ಷನ್ ಇದಕ್ಕೆ ಮದ್ದು. ಕುಡಿತ ಅಥವಾ ನಿದ್ದೆ ಮಾತ್ರೆ ಜೊತೆ ಸೇರಿದಾಗ ಅಪಾಯ ಬಹಳ ಜಾಸ್ತಿ.

ಬಿಟ್ಟು ಎಂಟು ತಿಂಗಳಾಗಿತ್ತು. ಮತ್ತೆ ಶುರು ಮಾಡಿದ್ದಾರೆ. ಎಲ್ಲ ಹಾಳಾಯ್ತಾ?

ಇಲ್ಲ. ಮರುದಿನವೇ ಡಾಕ್ಟರ್ ಹತ್ತಿರ ಹೋಗಿ. ಸಕ್ಕರೆ ಕಾಯಿಲೆಯವರಿಗೆ ಸಕ್ಕರೆ ಏರಿದರೆ ಔಷಧಿ ಸರಿಮಾಡಿಸುತ್ತೇವಲ್ಲ, ಹಾಗೆ. ಆದರೆ ಒಂದು ಅಪಾಯ ನೆನಪಿಡಿ. ಎಂಟು ತಿಂಗಳು ಬಿಟ್ಟ ದೇಹಕ್ಕೆ ಹಳೇ ಪ್ರಮಾಣ ತಡೆಯುವ ಶಕ್ತಿ ಹೋಗಿರುತ್ತದೆ. ಮುಂಚೆ 12 ನುಂಗುತ್ತಿದ್ದವರು ಈಗ ಅಷ್ಟೇ ನುಂಗಿದರೆ ಪ್ರಾಣಕ್ಕೇ ಕುತ್ತು. ಈ ಮಾತನ್ನು ಅವರಿಗೂ ಹೇಳಿ, ಬೈಯದೆ ಹೇಳಿ.

ಆದ್ರೆ ನೋವು ನಿಜವಾಗ್ಲೂ ಇದೆಯಲ್ಲ?

ಇರುತ್ತದೆ. ಅಣ್ಣನ ಸೊಂಟ ಇವತ್ತಿಗೂ ನೋಯುತ್ತದೆ. "ನಾಟಕ" ಅಂದವರಲ್ಲಿ ನಾನೂ ಒಬ್ಬಳು, ಅದಕ್ಕೆ ಅವನ ಹತ್ತಿರ ಕ್ಷಮೆ ಕೇಳಿದ್ದೇನೆ. ತುಂಬ ದಿನ ಒಪಿಯಾಯ್ಡ್ ತೆಗೆದುಕೊಂಡರೆ ನೋವಿನ ನರಗಳೇ ಸೂಕ್ಷ್ಮವಾಗಿ, ಸಣ್ಣ ನೋವೂ ದೊಡ್ಡದಾಗಿ ಕಾಣುತ್ತದೆ. ಬಿಟ್ಟು ಕೆಲವು ತಿಂಗಳಾದ ಮೇಲೆ ಅವನ ನೋವು ಮುಂಚಿಗಿಂತ ಕಡಿಮೆಯಾಯಿತು. ಫಿಸಿಯೋಥೆರಪಿ, ದಿನವೂ ನಡಿಗೆ, ನರದ ನೋವಿಗೆ ಬೇರೆ ಮಾತ್ರೆಗಳು, ಬಿಸಿನೀರಿನ ಶಾಖ. ಮೂಟೆ ಎತ್ತುವುದು ಬಂದ್. ಮುಂದೆ ಯಾವ ಆಪರೇಷನ್, ಹಲ್ಲು ಕೀಳುವುದು ಇದ್ದರೂ ಮೊದಲೇ ಡಾಕ್ಟರ್‌ಗೆ ಹಳೆಯದನ್ನು ಹೇಳಬೇಕು.

ಚೀಟಿ ಇಲ್ಲದೆ ಮೆಡಿಕಲ್‌ನವರು ಕೊಡ್ತಾನೇ ಇದ್ದಾರೆ.

2014ರ ಮಾರ್ಚ್ 1ರಿಂದ ಎಚ್1 ಪಟ್ಟಿ ಜಾರಿಯಲ್ಲಿದೆ. ಟ್ರಾಮಡಾಲ್, ಕೊಡೀನ್, ಪೆಂಟಜೋಸಿನ್ ಅದರಲ್ಲಿವೆ. ಚೀಟಿ ಇಲ್ಲದೆ ಕೊಡುವಂತಿಲ್ಲ. ರೋಗಿಯ ಹೆಸರು, ಡಾಕ್ಟರ್ ಹೆಸರು, ಎಷ್ಟು ಕೊಟ್ಟರು ಎಲ್ಲ ರಿಜಿಸ್ಟರಿನಲ್ಲಿ ಬರೆದು ಮೂರು ವರ್ಷ ಇಡಬೇಕು. ಔಷಧ ನಿಯಂತ್ರಣ ಅಧಿಕಾರಿಗೆ ದೂರು ಕೊಡಬಹುದು. ಅದಕ್ಕೂ ಮೊದಲು ಒಮ್ಮೆ ಅಂಗಡಿಗೆ ಹೋಗಿ ಮಾತಾಡಿ ನೋಡಿ. ಅತ್ತಿಗೆ ಹೋಗಿದ್ದರು, ಮಗಳನ್ನು ಜೊತೆಗೆ ಕರೆದುಕೊಂಡು. ಅವತ್ತಿನಿಂದ ಆ ಅಂಗಡಿಯವರು ಕೊಡಲಿಲ್ಲ.

ದುಬೈಯಲ್ಲಿರೋ ಭಾವನಿಗೆ ಇಲ್ಲಿಂದ ಮಾತ್ರೆ ಕಳಿಸಬಹುದಾ?

ಟ್ರಾಮಡಾಲ್, ಕೊಡೀನ್ ಇರುವುದನ್ನು ಅನುಮತಿ ಇಲ್ಲದೆ ಕಳಿಸಲೇಬೇಡಿ. ಯುಎಇಯಲ್ಲಿ ಇವು ನಿಯಂತ್ರಿತ ಔಷಧಿಗಳು. ಬ್ಯಾಗಿನಲ್ಲಿ ಸಿಕ್ಕರೆ ಜೈಲಾಗಬಹುದು. ಸ್ವಂತಕ್ಕೆ ಬೇಕಿದ್ದರೂ ಅಲ್ಲಿನ ಆರೋಗ್ಯ ಇಲಾಖೆಯ ಅನುಮತಿಯನ್ನು ಮೊದಲೇ ಆನ್‌ಲೈನ್‌ನಲ್ಲಿ ಪಡೆಯಬೇಕು. ಪಕ್ಕದ ಮನೆಯವರು ಕೊಟ್ಟ ಪೊಟ್ಟಣವನ್ನು ಬಿಚ್ಚಿ ನೋಡದೆ ಒಯ್ಯಬೇಡಿ. ಅಮೆರಿಕದಲ್ಲಿ ಮಕ್ಕಳಿರುವವರಿಗೆ ಒಂದು ಮಾತು: ಅಲ್ಲಿ 2023ರಿಂದ ನಲಾಕ್ಸೋನ್ ಮೂಗಿನ ಸ್ಪ್ರೇ ಚೀಟಿ ಇಲ್ಲದೆಯೂ ಸಿಗುತ್ತದೆ. ಮನೆಯಲ್ಲಿ ಯಾರಾದರೂ ಒಪಿಯಾಯ್ಡ್ ತೆಗೆದುಕೊಳ್ಳುತ್ತಿದ್ದರೆ ತಂದಿಟ್ಟುಕೊಳ್ಳಲಿ.

ನಿಮ್ಮಣ್ಣ ಈಗ ಹೇಗಿದ್ದಾರೆ?

ಎರಡು ಸಲ ಬಿದ್ದು ಎದ್ದಿದ್ದಾನೆ. ಈಗ ಮಂಡಿಗೆ ಹೋಗುತ್ತಾನೆ, ಲೆಕ್ಕ ಅವನೇ ನೋಡುತ್ತಾನೆ. ಒಂದು ಬಳೆ ಬಿಡಿಸಿಕೊಂಡು ಬಂದಿದ್ದಾನೆ, ಇನ್ನೊಂದು ಹರಾಜಾಗಿಹೋಯಿತು. ಚಿಕಿತ್ಸೆಯ ಮಾತ್ರೆ ಅತ್ತಿಗೆಯ ಬೀರುವಿನಲ್ಲಿರುತ್ತದೆ, ಅವನೇ ಹಾಗೆ ಇಡಲು ಹೇಳಿದ್ದು. ದಿನಾ ಬೆಳಿಗ್ಗೆ ಅದನ್ನು ನಾಲಗೆ ಕೆಳಗಿಟ್ಟುಕೊಂಡು ಜಗಲಿಯ ಮೇಲೆ ಕೂರುತ್ತಾನೆ. ಕರಗುವವರೆಗೆ ಮಾತಾಡುವಂತಿಲ್ಲ, ಏನೂ ಕುಡಿಯುವಂತಿಲ್ಲ. ಆ ಹತ್ತು ನಿಮಿಷ ಮಗಳು ಪಕ್ಕದಲ್ಲಿ ಕೂತು ಜಡೆ ಹಾಕಿಸಿಕೊಳ್ಳುತ್ತಾಳೆ, ಕಾಲಲ್ಲಿ ಗೆಜ್ಜೆ ಇರುತ್ತದೆ. ಕಾಫಿ ಆರದಿರಲಿ ಅಂತ ಅತ್ತಿಗೆ ಲೋಟದ ಮೇಲೆ ತಟ್ಟೆ ಮುಚ್ಚಿಟ್ಟಿರುತ್ತಾರೆ.